ಗುಂಡ್ಲುಪೇಟೆಯ ದಾರಿಯಲ್ಲಿ ಅಲೆದಾಡಿದ ಲಾರಿ

ಓದುಗರೇ, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ನೀವು ಎಂದಾದರೂ ಹೋಗಿದ್ದೀರಾ? ಊಟಿಗೆ ಹೋಗುವವರು ಮೈಸೂರು, ನಂಜನಗೂಡು ದಾಟಿ ನೇರವಾಗಿ ಗುಂಡ್ಲುಪೇಟೆಗೆ ಬರುತ್ತಾರೆ. ತಮಿಳುನಾಡಿನ ಸತ್ಯಮಂಗಲದ ಕಡೆಗೆ ಹೋಗುವವರು ಚಾಮರಾಜನಗರ ದಾಟಿ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯುತ್ತಾರೆ. ಈ ಎರಡು ಊರುಗಳ ನಡುವಿನ 35 ಕಿ.ಮೀ. ಆಸುಪಾಸಿನ ರಸ್ತೆಯನ್ನು ನೋಡುವುದಕ್ಕೆಂದೇ ಬರುವವರು ಬಹಳ ಕಡಿಮೆ. ಆದರೆ ನಮ್ಮಂಥವರ ಬದುಕು ನಡೆಯುವುದು ಅದೇ ರಸ್ತೆಯಲ್ಲಿ.

ನಮ್ಮ ಊರಿಗೆ ಮೊದಲು ಅರಿಕುಠಾರ ಎಂಬ ಹೆಸರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಅದಕ್ಕೆ ಇಟ್ಟರು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ಈ ಊರಿಗೆ ಒಂದು ಅಪಖ್ಯಾತಿಯೂ ಇತ್ತು. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂದು ಜನ ನಂಬಿದ್ದರು. ಹಾಗೆಂದು ಹೆದರಿ ಕೆಲವು ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರದತ್ತ ಸುಳಿಯಲೇ ಇಲ್ಲ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಹಲವು ಸಲ ಇಲ್ಲಿಗೆ ಬಂದರು, 2018ರವರೆಗೆ ಪೂರ್ತಿ ಅವಧಿಯನ್ನೂ ಮುಗಿಸಿದರು. ಕಾರಣವನ್ನು ಹುಡುಕದೆ ಕಣ್ಣಿಗೆ ಬಿದ್ದುದರ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ ಎನ್ನುವುದಕ್ಕೆ ನಮ್ಮ ಊರೇ ಒಂದು ಉದಾಹರಣೆ. ಇದನ್ನು ನಾನು ಮಕ್ಕಳಿಗೆ ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿಯೇ ನಾವು ಅದೇ ತಪ್ಪನ್ನು ಮಾಡಿದ ಕಥೆಯನ್ನು ಇಂದು ನಿಮಗೆ ಹೇಳಬೇಕಾಗಿದೆ.

ತಮ್ಮನ ಲಾರಿ

ನನ್ನ ತಮ್ಮನಿಗೆ ಒಂದು ಹಳೆಯ ಲಾರಿ ಇದೆ. ಆರು ಚಕ್ರದ್ದು, ಪವರ್ ಸ್ಟೇರಿಂಗ್ ಇಲ್ಲದ್ದು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಎಲೆಕೋಸು, ಟೊಮೆಟೊ, ಬೀನ್ಸ್ ತುಂಬಿಕೊಂಡು ಗುಂಡ್ಲುಪೇಟೆಯ ಮೂಲಕ ಕೇರಳಕ್ಕೆ ಹೋಗುವುದು ಅದರ ಕೆಲಸ. ಓಣಂ ಸಮಯದಲ್ಲಿ ದಿನವೂ ಬಾಡಿಗೆ ಇರುತ್ತದೆ. ತಮ್ಮನ ಮನೆ ಖರ್ಚು, ತಾಯಿಯ ಔಷಧಿ, ಇಬ್ಬರು ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಆ ಲಾರಿಯಿಂದಲೇ ನಡೆಯಬೇಕು.

ಗುಂಡ್ಲುಪೇಟೆಯಲ್ಲಿ ರಸ್ತೆ ಎರಡಾಗುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಮೂಲಕ ಕೋಝಿಕ್ಕೋಡಿಗೆ, ಇನ್ನೊಂದು ಗುಡಲೂರು, ಊಟಿಯ ಕಡೆಗೆ. ಎರಡೂ ಬಂಡೀಪುರದ ಕಾಡಿನೊಳಗೆ ಹೋಗುತ್ತವೆ. 2009ರಿಂದ ಆ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಪ್ರಾಣಿಗಳ ಜೀವ ಉಳಿಸಲು ಮಾಡಿದ ಒಳ್ಳೆಯ ಕ್ರಮ ಅದು. ಆದರೆ ಸಂಜೆ ಲೋಡು ತಡವಾದರೆ ಚಾಲಕನ ಎದೆಯಲ್ಲಿ ಗಡಿಯಾರ ಬಡಿಯತೊಡಗುತ್ತದೆ. ಒಂಬತ್ತರೊಳಗೆ ಚೆಕ್‌ಪೋಸ್ಟ್ ದಾಟದಿದ್ದರೆ ತರಕಾರಿ ರಾತ್ರಿಯಿಡೀ ಅಲ್ಲಿಯೇ ನಿಲ್ಲಬೇಕು. ಅಂಥ ಅವಸರದಲ್ಲಿ ಓಡುವ ಲಾರಿಯ ಸ್ಟೇರಿಂಗ್ ಸಡಿಲವಾಗಿದ್ದರೆ ಏನಾದೀತು ಎಂದು ನೀವೇ ಯೋಚಿಸಿ.

ಲಾರಿಯನ್ನು ಓಡಿಸುತ್ತಿದ್ದವನು ಹತ್ತಿರದ ಹಳ್ಳಿಯ ಒಬ್ಬ ಯುವಕ. ಒಂದು ದಿನ ಅವನು ಮನೆಗೆ ಬಂದು ಹೇಳಿದ: "ಗಾಡಿ ಕೈಗೆ ಸಿಗ್ತಿಲ್ಲ ಮೇಷ್ಟ್ರೇ. ಕಾಲಿ ಇದ್ರ ಒಂದ್ ತರ, ಲೋಡಾದ್ರ ಇನ್ನೊಂದ್ ತರ. ಬ್ರೇಕ್ ಹಿಡುದ್ರ ಎಡಕ್ಕ ಎಳೀತದ."

ತಮ್ಮ ಒಂದು ವರ್ಕ್‌ಶಾಪಿಗೆ ಲಾರಿಯನ್ನು ಒಯ್ದ. ಅಲ್ಲಿಯವರು ಸ್ಟೇರಿಂಗನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ, ಬಾಕ್ಸ್ ಹೋಗಿದೆ ಎಂದರು. ಮೊದಲು ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿದರು. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ದೂರು. ಆಮೇಲೆ ಬಾಕ್ಸನ್ನೇ ಬದಲಾಯಿಸಿ, ಅದನ್ನೂ ಬಿಗಿ ಮಾಡಿ ಕೊಟ್ಟರು. ತಮ್ಮ ಸಾಲ ಮಾಡಿ ಹಣ ಕಟ್ಟಿದ. ಹತ್ತು ದಿನದ ಬಳಿಕ ಆ ಯುವಕ ಮತ್ತೆ ಬಂದು, "ಗಾಡಿ ಇನ್ನೂ ಅಲೀತದ" ಎಂದ. ಮುಂದಿನ ಎಡಗಡೆಯ ಟಯರ್ ಒಂದೇ ಅಂಚಿನಲ್ಲಿ ಸವೆದು ಹೋಗಿತ್ತು.

ಈಗ ಮನೆಯಲ್ಲಿ ತಲೆಗೊಂದು ಮಾತು. ಯಾರೋ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿ ಎಂದರು. ಇನ್ನೊಬ್ಬರು ತಾವೀಜು ಕಟ್ಟಿ ಎಂದರು. ತಮ್ಮ ನನ್ನೊಡನೆ, "ಭಾಯ್‌ಜಾನ್, ನೀವೇ ದುಆ ಮಾಡಿ" ಎಂದ. ನಾನು ದುಆ ಮಾಡಿದೆ. ಆದರೆ ಲಾರಿಯ ಕೆಳಗೆ ಬಗ್ಗಿ ಒಮ್ಮೆಯೂ ನೋಡಲಿಲ್ಲ. ಕೊನೆಗೆ ಮನೆಮಂದಿಯೆಲ್ಲ ಒಂದು ತೀರ್ಮಾನಕ್ಕೆ ಬಂದೆವು. ಬಾಕ್ಸ್ ಹೊಸದು, ರಸ್ತೆ ಚೆನ್ನಾಗಿದೆ, ಹಾಗಾದರೆ ತಪ್ಪು ಚಾಲಕನದ್ದೇ. ಅವನು ಕುಡಿಯುತ್ತಾನೋ, ಮೊಬೈಲ್ ನೋಡುತ್ತಾನೋ ಎಂದು ಸಂಶಯಪಟ್ಟೆವು. ನಾನು ಅವನನ್ನು ಕೂರಿಸಿಕೊಂಡು ಜವಾಬ್ದಾರಿಯ ಬಗ್ಗೆ ಅರ್ಧ ಗಂಟೆ ಬುದ್ಧಿ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ತಿಂಗಳ ಕೊನೆಗೆ ತಮ್ಮ ಟಯರಿನ ಹಣವನ್ನು ಸಂಬಳದಲ್ಲಿ ಮುರಿದುಕೊಂಡು ಅವನನ್ನು ಕೆಲಸದಿಂದ ಬಿಡಿಸಿದ. ನಾನು ತಡೆಯಲಿಲ್ಲ.

ತೆರಕಣಾಂಬಿಯ ಬಳಿ

ಹೊಸ ಚಾಲಕ ಸಿಗುವವರೆಗೆ ತಮ್ಮನೇ ಲಾರಿ ಓಡಿಸಬೇಕಾಯಿತು. ಒಂದು ಭಾನುವಾರ ಗುಂಡ್ಲುಪೇಟೆಯಲ್ಲಿ ನನಗೂ ಕೆಲಸವಿತ್ತು. ಅವನ ಪಕ್ಕದಲ್ಲಿ ಕುಳಿತೆ. ಲಾರಿ ಖಾಲಿಯಿತ್ತು.

ಮಳೆಗಾಲದ ದಿನಗಳು. ಚಾಮರಾಜನಗರ ದಾಟಿದರೆ ರಸ್ತೆಯ ಎರಡು ಕಡೆಯೂ ಅರಿಶಿನದ ಹೊಲಗಳು, ಬಾಳೆ ತೋಟಗಳು, ನಡುನಡುವೆ ತೆಂಗು. ಗುಂಡ್ಲುಪೇಟೆ ಹತ್ತಿರವಾದಂತೆ ಸೂರ್ಯಕಾಂತಿ ಮತ್ತು ಚೆಂಡು ಹೂವಿನ ಹೊಲಗಳು ಕಾಣುತ್ತವೆ. ಆ ಚೆಂಡು ಹೂವಿನ ಬಹುಪಾಲು ಮಾಲೆಗೆ ಹೋಗುವುದಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅದರ ಎತ್ತರ 1454 ಮೀಟರ್. ಮಳೆಗಾಲದಲ್ಲಿ ಅದರ ತಲೆಯ ಮೇಲೆ ಮಂಜು ಕುಳಿತಿರುತ್ತದೆ. ನಾನು ಅದನ್ನೆಲ್ಲ ನೋಡುತ್ತಾ ಕುಳಿತಿದ್ದೆ.

ಆದರೆ ಸ್ವಲ್ಪ ಹೊತ್ತಿನಲ್ಲಿ ನನ್ನ ಕಣ್ಣು ತಮ್ಮನ ಕೈಗಳ ಮೇಲೆ ನಿಂತಿತು. ನೇರ ರಸ್ತೆಯಲ್ಲಿಯೂ ಅವನ ಕೈಗೆ ಬಿಡುವಿರಲಿಲ್ಲ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಮತ್ತೆ ಎಡಕ್ಕೆ. ತಿರುವು ಮುಗಿದ ಮೇಲೂ ಸ್ಟೇರಿಂಗ್ ತಾನಾಗಿ ಹಿಂದೆ ಬರುತ್ತಿರಲಿಲ್ಲ, ಅವನೇ ಎಳೆದು ತರಬೇಕಾಗಿತ್ತು. ತೆರಕಣಾಂಬಿಯ ಬಳಿ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಒಬ್ಬ ಮುದುಕ ಎಡಬದಿಯಲ್ಲಿ ಹೋಗುತ್ತಿದ್ದ. ಎದುರಿನಿಂದ ಬಸ್ಸು ಬಂತು. ತಮ್ಮ ಬ್ರೇಕ್ ಹಿಡಿದ. ಲಾರಿ ಸೀದಾ ಆ ಸೈಕಲ್ಲಿನ ಕಡೆಗೆ ತಿರುಗಿತು. ತಮ್ಮ ಬಲಕ್ಕೆ ಸ್ಟೇರಿಂಗ್ ತಿರುಗಿಸಿದ, ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಲಾರಿ ಬಲಕ್ಕೆ ಬಂತು. ಹುಲ್ಲಿನ ಹೊರೆಗೂ ನಮ್ಮ ಕನ್ನಡಿಗೂ ಎಷ್ಟು ಅಂತರ ಉಳಿದಿತ್ತೋ ಅಲ್ಲಾಹನೇ ಬಲ್ಲ. ಮುದುಕ ತಿರುಗಿಯೂ ನೋಡದೆ ತನ್ನ ಪಾಡಿಗೆ ತುಳಿಯುತ್ತಾ ಹೋದ.

ತಮ್ಮ ಲಾರಿಯನ್ನು ಬದಿಗೆ ನಿಲ್ಲಿಸಿದ. ಇಬ್ಬರೂ ಮಾತನಾಡಲಿಲ್ಲ. ಅವನು ಕುಡಿಯುವುದಿಲ್ಲ, ಮೊಬೈಲನ್ನೂ ಮುಟ್ಟಿರಲಿಲ್ಲ. ಲಾರಿ ಮಾತ್ರ ಆ ಯುವಕ ಹೇಳಿದ ಹಾಗೆಯೇ ಮಾಡಿತ್ತು.

ಮೇಸ್ತ್ರಿ ಮೊದಲು ಕೇಳಿದ್ದು

ಗುಂಡ್ಲುಪೇಟೆಯವರೆಗೆ ನಡೆಯುವ ವೇಗದಲ್ಲಿ ಹೋದೆವು. ಅಲ್ಲಿ ರಸ್ತೆ ಬದಿಯಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆಂದು ಯಾರೋ ಹೇಳಿದ್ದರು. ತಗಡಿನ ಮಾಡು, ಒಂದು ಹಲಗೆ, ನಾಲ್ಕೈದು ಜಾಕಿ, ಅಷ್ಟೇ ಅವರ ವರ್ಕ್‌ಶಾಪ್. ನಮ್ಮ ಮನೆಮಾತಿನಲ್ಲಿಯೇ ಮಾತನಾಡಿದರು. ಸ್ಪ್ಯಾನರ್ ಮುಟ್ಟುವ ಮೊದಲು ಪ್ರಶ್ನೆಗಳನ್ನು ಕೇಳಿದರು. ಖಾಲಿ ಇದ್ದಾಗ ಹೆಚ್ಚೋ, ಲೋಡಿದ್ದಾಗಲೋ? ಎರಡೂ ಕಡೆ ಅಲೆಯುತ್ತದೋ, ಒಂದೇ ಕಡೆ ಎಳೆಯುತ್ತದೋ? ಬ್ರೇಕ್ ಹಿಡಿದಾಗ ಏನಾಗುತ್ತದೆ? ಟಯರ್ ಯಾವ ಅಂಚಿನಲ್ಲಿ ಸವೆಯುತ್ತದೆ?

ನಾನು ಆ ಯುವಕನ ಮಾತುಗಳನ್ನೇ ನೆನಪಿನಿಂದ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಜರತ್, ಇದನ್ನು ಹೇಳಿದವನು ಒಳ್ಳೆಯ ಚಾಲಕ. ಅರ್ಧ ಕೆಲಸ ಅವನೇ ಮಾಡಿದ್ದಾನೆ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮೊದಲು ಟಯರಿನ ಗಾಳಿ ನೋಡಿದರು. ಮುಂದಿನ ಎರಡು ಟಯರುಗಳಲ್ಲಿ ಗಾಳಿ ಬೇರೆ ಬೇರೆ ಇದ್ದರೆ, ಅಥವಾ ಒಂದು ರೇಡಿಯಲ್ ಇನ್ನೊಂದು ನೈಲಾನ್ ಇದ್ದರೆ, ಯಾವ ಗಾಡಿಯೂ ನೇರವಾಗಿ ಹೋಗದು. ನಮ್ಮದರಲ್ಲಿ ಗಾಳಿ ಸರಿಯಾಗಿತ್ತು.

ಆಮೇಲೆ ಚಕ್ರಗಳನ್ನು ನೇರ ಮಾಡಿಸಿ, ಸ್ಟೇರಿಂಗಿನ ಅಂಚಿಗೆ ಒಂದು ದಾರ ಕಟ್ಟಿದರು. ಚಕ್ರ ಅಲುಗಾಡದಂತೆ ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ಎಷ್ಟು ತಿರುಗಿಸಬಹುದೆಂದು ಅಳೆದರು. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 98ನೇ ನಿಯಮದಂತೆ ಈ ಖಾಲಿ ಆಟ 30 ಡಿಗ್ರಿಯನ್ನು ಮೀರಬಾರದು. 50 ಸೆಂ.ಮೀ. ವ್ಯಾಸದ ಸ್ಟೇರಿಂಗಿನ ಅಂಚಿನಲ್ಲಿ ಅದು ಸುಮಾರು 13 ಸೆಂ.ಮೀ., ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ನಮ್ಮದು 20 ಸೆಂ.ಮೀ. ಇತ್ತು. ಹೊಸ ಬಾಕ್ಸ್ ಹಾಕಿದ ಮೇಲೆಯೂ!

"ಹಾಗಾದರೆ ಆಟ ಎಲ್ಲಿದೆ?" ಎಂದು ತಮ್ಮ ಕೇಳಿದ. ಮೇಸ್ತ್ರಿ ಅವನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಿರಲು ಹೇಳಿದರು. ತಾವು ಕೆಳಗೆ ಮಲಗಿದರು. ನನ್ನನ್ನೂ ಕರೆದರು. ಜುಬ್ಬಾ ಮಡಚಿಕೊಂಡು ನಾನೂ ಬಗ್ಗಿ ನೋಡಿದೆ. ಸ್ಟೇರಿಂಗಿನ ಕಂಬಿ ಬಾಕ್ಸಿಗೆ ಬರುತ್ತದೆ. ಬಾಕ್ಸಿನಿಂದ ಡ್ರಾಪ್ ಆರ್ಮ್ ಇಳಿಯುತ್ತದೆ. ಅದು ಡ್ರ್ಯಾಗ್ ಲಿಂಕನ್ನು ದೂಡುತ್ತದೆ. ಡ್ರ್ಯಾಗ್ ಲಿಂಕ್ ಬಲ ಚಕ್ರವನ್ನು ತಿರುಗಿಸುತ್ತದೆ. ಬಲ ಚಕ್ರದಿಂದ ಎಡ ಚಕ್ರಕ್ಕೆ ಟೈ ರಾಡ್ ಹೋಗುತ್ತದೆ. ಮೇಸ್ತ್ರಿ ಒಂದೊಂದು ಕೂಡುವಿಕೆಯ ಮೇಲೂ ಬೆರಳಿಟ್ಟು, ಒಂದು ಕಡೆಯಿಂದ ಬಂದ ಚಲನೆ ಇನ್ನೊಂದು ಕಡೆಗೆ ಪೂರ್ತಿ ಹೋಗುತ್ತದೆಯೇ ಎಂದು ನೋಡುತ್ತಾ ಬಂದರು. ಬಾಕ್ಸಿನಲ್ಲಿ ಹೋಯಿತು. ಡ್ರಾಪ್ ಆರ್ಮಿನಲ್ಲಿ ಹೋಯಿತು. ಡ್ರ್ಯಾಗ್ ಲಿಂಕಿನ ತುದಿಯ ಬಾಲ್ ಜಾಯಿಂಟಿನಲ್ಲಿ ಕಳೆದು ಹೋಯಿತು. ಆರ್ಮ್ ಅಲ್ಲಾಡುತ್ತಿತ್ತು, ಲಿಂಕ್ ಸುಮ್ಮನಿತ್ತು. ಅದರ ರಬ್ಬರ್ ಟೋಪಿ ಹರಿದು, ಒಳಗೆ ಗ್ರೀಸಿನ ಬದಲು ಮಣ್ಣು ತುಂಬಿತ್ತು.

ನನಗೆ ಮದ್ರಸದ ನಹ್ವ್ ಪಾಠ ನೆನಪಾಯಿತು. ಅರಬಿ ವಾಕ್ಯದಲ್ಲಿ ಒಂದು ಪದದ ಕೊನೆಯ ಅಕ್ಷರಕ್ಕೆ ಝೇರ್ ಬರಬೇಕಾದಲ್ಲಿ ಹುಡುಗ ಝಬರ್ ಓದಿದರೆ, ಆ ಅಕ್ಷರವನ್ನು ತಿದ್ದಿ ಮುಂದೆ ಹೋಗಲು ನಮ್ಮ ಗುರುಗಳು ಬಿಡುತ್ತಿರಲಿಲ್ಲ. ಆ ಪದವನ್ನು ಆಳುತ್ತಿರುವ 'ಆಮಿಲ್' ಯಾವುದೆಂದು ಹಿಂದೆ ಹೋಗಿ ಹುಡುಕು ಎನ್ನುತ್ತಿದ್ದರು. ತಪ್ಪು ಕಾಣಿಸುವುದು ಪದದ ಕೊನೆಯಲ್ಲಿ, ಕಾರಣ ಇರುವುದು ಅದಕ್ಕಿಂತ ಹಿಂದೆ. ಇಷ್ಟು ವರ್ಷ ಈ ಪಾಠವನ್ನು ಮಕ್ಕಳಿಗೆ ಕಲಿಸಿದ ನಾನು, ಚಾಲಕನ ವಿಷಯದಲ್ಲಿ ಅದನ್ನು ಮರೆತಿದ್ದೆ.

ಇನ್ನೂ ಎರಡು ಕಾರಣಗಳು

ಒಂದು ಸಿಕ್ಕಿತೆಂದು ಮೇಸ್ತ್ರಿ ಅಲ್ಲಿಗೇ ನಿಲ್ಲಿಸಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎಡಭಾಗವನ್ನು ಜಾಕಿಯಿಂದ ಎತ್ತಿ, ಆಕ್ಸಲಿನ ಕೆಳಗೆ ಮರದ ದಿಮ್ಮಿ ಇಟ್ಟರು. ಜಾಕಿಯೊಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು ಎಂದು ಎರಡು ಸಲ ಹೇಳಿದರು. ಆಮೇಲೆ ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಎಂದು ಸದ್ದಾಯಿತು. "ಬ್ರೇಕ್ ಒತ್ತಿ ಹಿಡಿ" ಎಂದು ತಮ್ಮನಿಗೆ ಹೇಳಿ ಮತ್ತೆ ಅಲ್ಲಾಡಿಸಿದರು. ಸದ್ದು ಹೋಗಲಿಲ್ಲ. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನಲ್ಲಿ, ನಿಲ್ಲದಿದ್ದರೆ ಕಿಂಗ್ ಪಿನ್ನಿನಲ್ಲಿ. ಕಿಂಗ್ ಪಿನ್ ಎಂದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ನಿಂತ ಗೂಟ. ನಮ್ಮ ಲಾರಿಯ ಎಡ ಕಿಂಗ್ ಪಿನ್ನಿನ ಬುಶ್ ಪೂರ್ತಿ ಸವೆದಿತ್ತು. ಚಕ್ರ ಓರೆಯಾಗಿ ನಿಲ್ಲುತ್ತಿದ್ದುದರಿಂದ ಟಯರ್ ಒಂದೇ ಅಂಚಿನಲ್ಲಿ ಸವೆದಿತ್ತು. ಆ ಟಯರಿನ ಹಣವನ್ನು ನಾವು ಯಾರ ಸಂಬಳದಲ್ಲಿ ಮುರಿದಿದ್ದೆವು ಎಂಬುದು ನಿಮಗೆ ಗೊತ್ತಿದೆ.

ಕೊನೆಗೆ ಕಮಾನು ಪಟ್ಟಿಗಳನ್ನು ನೋಡಿದರು. ಆಕ್ಸಲನ್ನು ಕಮಾನಿಗೆ ಬಿಗಿಯಾಗಿ ಹಿಡಿಯುವ ಎಡಗಡೆಯ ಯು ಬೋಲ್ಟ್ ಸಡಿಲವಾಗಿತ್ತು. ಸುತ್ತಲೂ ತುಕ್ಕು, ಆದರೆ ಒಂದು ಕಡೆ ಕಬ್ಬಿಣ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬ್ರೇಕ್ ಹಿಡಿದಾಗಲೆಲ್ಲ ಆಕ್ಸಲಿನ ಆ ತುದಿ ಸ್ವಲ್ಪ ಹಿಂದಕ್ಕೆ ಸರಿದು ಲಾರಿಯನ್ನು ಎಡಕ್ಕೆ ಎಳೆಯುತ್ತಿತ್ತು.

ಹೊಸ ಬಾಕ್ಸಿನ ಕಥೆಯೇನು ಎಂದು ಕೇಳಿದೆ. ಬಾಕ್ಸಿನಲ್ಲಿ ದೋಷವಿಲ್ಲ, ಆದರೆ ಅದನ್ನು ಅತಿಯಾಗಿ ಬಿಗಿ ಮಾಡಿದ್ದಾರೆ ಎಂದರು. ಬೇರೆಲ್ಲೋ ಇರುವ ಆಟವನ್ನು ಬಾಕ್ಸಿನ ಸ್ಕ್ರೂ ಬಿಗಿ ಮಾಡಿ ಮುಚ್ಚಲು ಹೋದರೆ ಆಟ ಉಳಿಯುತ್ತದೆ, ಜೊತೆಗೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದೂ ನಿಲ್ಲುತ್ತದೆ. ಒಳಗಿನ ಹಲ್ಲುಗಳೂ ಬೇಗ ಸವೆಯುತ್ತವೆ.

ಲೋಡಿನ ಬಗ್ಗೆಯೂ ಒಂದು ಮಾತು ಹೇಳಿದರು. ತರಕಾರಿ ಚೀಲಗಳನ್ನು ಹಿಂಬಾಗಿಲಿನ ಕಡೆ ಹೆಚ್ಚು ಪೇರಿಸಿದರೆ ಲಾರಿಯ ಮೂತಿ ಹಗುರವಾಗುತ್ತದೆ. ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯದಿದ್ದರೆ ಸ್ಟೇರಿಂಗ್ ಎಷ್ಟೇ ಸರಿಯಿದ್ದರೂ ಗಾಡಿ ತೇಲುತ್ತದೆ. ಭಾರ ಮುಂದಿನಿಂದ ಹಿಂದಕ್ಕೆ ಸಮನಾಗಿ ಬರಬೇಕು.

ಎರಡು ದಿನ ಲಾರಿ ಅಲ್ಲಿಯೇ ನಿಂತಿತು. ಡ್ರ್ಯಾಗ್ ಲಿಂಕಿನ ತುದಿಗಳು, ಎರಡೂ ಕಡೆಯ ಕಿಂಗ್ ಪಿನ್, ಬುಶ್, ಹೊಸ ಯು ಬೋಲ್ಟ್, ಎಲ್ಲ ನಟ್ಟುಗಳಿಗೆ ಹೊಸ ಪಿನ್ನು. ಬಾಕ್ಸಿನ ಬಿಗಿತವನ್ನು ಸಡಿಲಿಸಿ ಸರಿ ಮಾಡಿದರು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್. ಹೊಸ ಬಾಕ್ಸಿಗೆ ನಾವು ಕೊಟ್ಟ ಹಣದ ಅರ್ಧವೂ ಖರ್ಚಾಗಲಿಲ್ಲ. ನಾಲ್ಕು ಲೋಡು ಹೊಡೆದ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿಸಿ ಎಂದು ಹೇಳಿ ಕಳುಹಿಸಿದರು.

ನೋಡಲೆಂದು ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನವರೆಗೆ ಹೋಗಿ ಬಂದೆವು. ಅಲ್ಲಿಂದ ಮುಂದೆ ಬಂಡೀಪುರದ ಕಾಡು. ತಮ್ಮನ ಕೈಗಳು ಸ್ಟೇರಿಂಗಿನ ಮೇಲೆ ಸುಮ್ಮನೆ ಇದ್ದವು. ಲಾರಿ ನೇರವಾಗಿ ಹೋಗುತ್ತಿತ್ತು.

ಆ ಯುವಕನ ಮನೆಗೆ

ಚಾಮರಾಜನಗರಕ್ಕೆ ಮರಳಿದ ಮಾರನೆಯ ದಿನ ನಾವಿಬ್ಬರೂ ಆ ಯುವಕನ ಹಳ್ಳಿಗೆ ಹೋದೆವು. ಅವನ ತಾಯಿ ಜಗಲಿಯಲ್ಲಿ ಕುಳಿತಿದ್ದರು. ಮಗನನ್ನು ಏಕೆ ಕೆಲಸದಿಂದ ತೆಗೆದಿರಿ ಎಂದು ಅವರು ಕೇಳಲಿಲ್ಲ, ನೀರು ತಂದು ಕೊಟ್ಟರು. ಅವನು ಬಂದ ಮೇಲೆ ತಮ್ಮ ಟಯರಿನ ಹಣವನ್ನು ಅವನ ಕೈಗೆ ಕೊಟ್ಟ. ನಾನು, "ತಪ್ಪು ನಮ್ಮದು, ಕ್ಷಮಿಸಬೇಕು" ಎಂದೆ. ಹೇಳಿ ಅಭ್ಯಾಸವಿಲ್ಲದ ಮಾತು. ಗಂಟಲಲ್ಲಿ ಸಿಕ್ಕಿಕೊಂಡು ಹೊರಬಂತು.

"ನಾನ್ ಅವತ್ತೇ ಹೇಳಿದ್ನಲ್ಲ ಮೇಷ್ಟ್ರೇ" ಎಂದ. ಅಷ್ಟೇ. ಅವನಿಗೆ ಆಗಲೇ ಬೇರೆ ಲಾರಿಯಲ್ಲಿ ಕೆಲಸ ಸಿಕ್ಕಿತ್ತು. ನಮ್ಮಲ್ಲಿಗೆ ಮರಳಿ ಬರಲಿಲ್ಲ. ಬರಲೇಬೇಕೆಂದು ಕೇಳುವ ಮುಖ ನಮಗೂ ಇರಲಿಲ್ಲ. ಬಾಗಿಲವರೆಗೆ ಬಂದವನು ತಮ್ಮನಿಗೆ, "ವಾರಕ್ಕೊಂದ್ ಸಲ ಗ್ರೀಸ್ ಹೊಡ್ಸಿ ಅಣ್ಣ" ಎಂದು ಹೇಳಿ ಕಳುಹಿಸಿದ.

ಓದುಗರೇ, ನಿಮ್ಮಲ್ಲಿ ಹಲವರ ಮನೆಗಳಲ್ಲಿ ಗಂಡನೋ ಮಗನೋ ಸಹೋದರನೋ ಲಾರಿ, ಟೆಂಪೊ ಓಡಿಸುವವರಿದ್ದಾರೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು, ನಿಜ. ಆದರೆ ಆ ಕಾಗದದ ಎರಡು ದಿನಾಂಕಗಳ ನಡುವೆ ಗಾಡಿ ಓಡುವುದು ಸಾವಿರಾರು ಕಿಲೋಮೀಟರ್. ಆದ್ದರಿಂದ ತಿಂಗಳಿಗೊಮ್ಮೆ ಒಬ್ಬರು ಸ್ಟೇರಿಂಗ್ ಆಡಿಸಲಿ, ಇನ್ನೊಬ್ಬರು ಕೆಳಗೆ ಬಗ್ಗಿ ನೋಡಲಿ. ಹತ್ತು ನಿಮಿಷದ ಕೆಲಸ. ರಬ್ಬರ್ ಟೋಪಿ ಹರಿದಿದೆಯೇ, ನಟ್ಟಿನ ಪಿನ್ನು ಇದೆಯೇ, ಯು ಬೋಲ್ಟಿನ ಬಳಿ ಕಬ್ಬಿಣ ಹೊಳೆಯುತ್ತಿದೆಯೇ ಎಂದು ನೋಡಿ. ದೋಷ ಕಂಡರೆ ಅದನ್ನು ಸರಿಪಡಿಸುವವರೆಗೆ ಗಾಡಿಯನ್ನು ಓಡಿಸಬೇಡಿ. ಸಂಜೆ ಕೆಲಸದಿಂದ ಬಂದವನು "ಗಾಡಿ ಯಾಕೋ ಸರಿಯಿಲ್ಲ" ಎಂದರೆ, ಅವನಿಗೆ ಬುದ್ಧಿ ಹೇಳುವ ಮೊದಲು ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ಕೇಳಿ.

ಈಗ ತಮ್ಮನ ಲಾರಿಗೆ ಹೊಸ ಚಾಲಕ ಬಂದಿದ್ದಾನೆ. ಅವನು ಬಂದು ಏನಾದರೂ ದೂರು ಹೇಳಿದರೆ ತಮ್ಮ ಮೊದಲು ಹಳೆಯ ಚೀಲವೊಂದನ್ನು ಲಾರಿಯ ಕೆಳಗೆ ಹಾಸುತ್ತಾನೆ. ರಜೆಯ ದಿನವಾದರೆ ಸ್ಟೇರಿಂಗ್ ಆಡಿಸುವ ಕೆಲಸ ನನ್ನದು.